ಬುದ್ಧಿ ಬಲ್ಬಿಗೆ ಬೇಕೋ, ಸ್ವಿಚ್ಚಿಗೆ ಬೇಕೋ?

ಸ್ಮಾರ್ಟ್ ಬಲ್ಬ್ ತಂದ ಮನೆಗಳಲ್ಲಿ ಮೊದಲ ವಾರ ಒಂದು ಮಾತು ಪದೇಪದೇ ಕೇಳಿಸುತ್ತದೆ: "ಗೋಡೆ ಸ್ವಿಚ್ ಯಾರು ಆಫ್ ಮಾಡಿದ್ದು?" ಫೋನಿನಲ್ಲಿ ಎಷ್ಟು ಒತ್ತಿದರೂ ಲೈಟ್ ಹತ್ತುವುದಿಲ್ಲ. ಆ್ಯಪ್ 'ಆಫ್‌ಲೈನ್' ಅಂತ ತೋರಿಸುತ್ತದೆ. ಬಲ್ಬ್ ಕೆಟ್ಟಿರುವುದಿಲ್ಲ. ಅಮ್ಮನೋ ಅಜ್ಜಿಯೋ ಮಲಗುವ ಮುಂಚೆ ಎಂದಿನಂತೆ ಎಲ್ಲ ಸ್ವಿಚ್ ಆರಿಸಿರುತ್ತಾರೆ, ಅಷ್ಟೆ. ಲೈಟ್ ಬೇಡ ಅಂದರೆ ಸ್ವಿಚ್ ಆರಿಸುವುದು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಕಲಿಸಿದ ಅಭ್ಯಾಸ. ಸ್ಮಾರ್ಟ್ ಬಲ್ಬಿಗೆ ಆಗದೇ ಇರುವುದು ಅದೊಂದೇ.

ಯಾಕೆ ಅಂತ ತಿಳಿಯಲು ಬಲ್ಬಿನ ಒಳಗೆ ಇಣುಕಬೇಕು. ಮಾಮೂಲಿ ಎಲ್‌ಇಡಿ ಬಲ್ಬಿನಲ್ಲಿ ಎರಡು ಭಾಗ. ಬೆಳಕು ಕೊಡುವ ಎಲ್‌ಇಡಿಗಳು, ಮತ್ತು ಗೋಡೆಯಿಂದ ಬರುವ 230 ವೋಲ್ಟ್ ಎಸಿ ಕರೆಂಟನ್ನು ಎಲ್‌ಇಡಿಗೆ ಒಗ್ಗುವ ಡಿಸಿ ಕರೆಂಟಾಗಿ ಬದಲಿಸುವ ಡ್ರೈವರ್. ಸ್ಮಾರ್ಟ್ ಬಲ್ಬಿನಲ್ಲಿ ಇವುಗಳ ಜೊತೆ ಒಂದು ಪುಟ್ಟ ಕಂಪ್ಯೂಟರ್ ಮತ್ತು ರೇಡಿಯೊ ಇರುತ್ತವೆ. ಬೆಳಕು ಆರಿದ್ದರೂ ಆ ರೇಡಿಯೊ ಎಚ್ಚರವಾಗಿರಬೇಕು. ಇಲ್ಲದಿದ್ದರೆ 'ಹತ್ತು' ಅನ್ನುವ ಆಜ್ಞೆಯನ್ನು ಕೇಳಿಸಿಕೊಳ್ಳುವವರು ಯಾರು? ಗೋಡೆ ಸ್ವಿಚ್ ಆರಿಸಿದರೆ ಬೆಳಕಿನ ಜೊತೆ ಆ ರೇಡಿಯೊಗೂ ಕರೆಂಟ್ ಹೋಗುತ್ತದೆ. ಅಲ್ಲಿಗೆ ಸಾವಿರಾರು ರೂಪಾಯಿಯ ಬಲ್ಬೂ ಒಂದೇ, ಬೀದಿ ಬದಿಯಲ್ಲಿ ಸಿಗುವ ಅಗ್ಗದ ಬಲ್ಬೂ ಒಂದೇ.

ಹಾಗಾದರೆ ಬುದ್ಧಿಯನ್ನು ಬಲ್ಬಿನಲ್ಲಿ ಇಡುವ ಬದಲು ಸ್ವಿಚ್ಚಿನಲ್ಲೇ ಇಟ್ಟರೆ? ಬಹುತೇಕ ಕನ್ನಡಿಗರ ಮನೆಗಳಿಗೆ ಅದೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಆದರೆ ಅದಕ್ಕೂ ಅದರದ್ದೇ ತಲೆನೋವುಗಳಿವೆ. ಒಂದೊಂದಾಗಿ ನೋಡೋಣ.

ಬಲ್ಬಿನ ಒಳ್ಳೆಯ ಗುಣಗಳನ್ನು ಮೊದಲು ಹೇಳಿಬಿಡುತ್ತೇನೆ. ಹಾಕುವುದು ಸುಲಭ. ಹಳೆಯದನ್ನು ತೆಗೆದು ಹೊಸದನ್ನು ಹಾಕಿದರೆ ಆಯಿತು, ಎಲೆಕ್ಟ್ರಿಷಿಯನ್ ಬೇಡ. ಬಾಡಿಗೆ ಮನೆಯಲ್ಲಿರುವವರು ಸ್ವಿಚ್ ಬೋರ್ಡ್ ಬಿಚ್ಚಿದರೆ ಓನರ್ ಸುಮ್ನೆ ಇರುವುದಿಲ್ಲ. ಬಲ್ಬನ್ನಾದರೆ ಮನೆ ಬಿಡುವಾಗ ಕಳಚಿಕೊಂಡು ಹೋಗಬಹುದು. ಕೊಳ್ಳುವಾಗ ಹೋಲ್ಡರ್ ನೋಡಿಕೊಳ್ಳಿ. ನಮ್ಮ ಮನೆಗಳಲ್ಲಿ ಇರುವುದು ಹೆಚ್ಚಾಗಿ ಎರಡು ಪಿನ್ನಿನ ಹೋಲ್ಡರ್, ಅಂದರೆ ಬಿ22. ತಿರುಪಿ ಕೂರಿಸುವ ಇ27 ಬಲ್ಬ್ ಅದಕ್ಕೆ ಕೂರುವುದಿಲ್ಲ.

ಬಲ್ಬ್ ಮಾತ್ರ ಕೊಡಬಲ್ಲ ಇನ್ನೊಂದು ಸುಖ ಬಣ್ಣ. ಸ್ವಿಚ್ ಎಷ್ಟೇ ಸ್ಮಾರ್ಟ್ ಆದರೂ ಬಿಳಿ ಬಲ್ಬನ್ನು ಹಳದಿ ಮಾಡಲಾರದು. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ. ಹಳೆಯ ಗುಂಡು ಬಲ್ಬಿನ ಹಳದಿ ಸುಮಾರು 2700 ಕೆಲ್ವಿನ್. ನಮ್ಮಲ್ಲಿ ಎಲ್ಲೆಲ್ಲೂ ಹಾಕುವ ನೀಲಿ ಛಾಯೆಯ ಬಿಳಿ ಬೆಳಕು 6500. ಒಂದೇ ಬಲ್ಬಿನಲ್ಲಿ ಎರಡೂ ಬಗೆಯ ಎಲ್‌ಇಡಿ ಇಟ್ಟು, ಯಾವುದು ಎಷ್ಟು ಹತ್ತಬೇಕು ಅಂತ ಹೊಂದಿಸಿದರೆ ನಡುವಿನ ಬಣ್ಣಗಳೂ ಸಿಗುತ್ತವೆ. ಓದುವಾಗ ಬಿಳಿ, ರಾತ್ರಿ ಊಟ ಆದ ಮೇಲೆ ಮಂದ ಹಳದಿ. ಒಮ್ಮೆ ಅಭ್ಯಾಸವಾದರೆ ಬಿಡುವುದು ಕಷ್ಟ. ಕೆಂಪು, ನೀಲಿ, ಹಸಿರು ಮಾತ್ರ ಹುಟ್ಟುಹಬ್ಬಕ್ಕೊಮ್ಮೆ, ದೀಪಾವಳಿಗೊಮ್ಮೆ. ಅದಕ್ಕಾಗಿ ಜಾಸ್ತಿ ದುಡ್ಡು ಕೊಡಬೇಕಿಲ್ಲ.

ಈ ಬಲ್ಬುಗಳು ಜನರ ಕಣ್ಣಿಗೆ ಬಿದ್ದದ್ದು 2012ರಲ್ಲಿ ಫಿಲಿಪ್ಸ್ ಹ್ಯೂ ಬಂದಾಗ. ಆಗ ಅದು ಆ್ಯಪಲ್ ಅಂಗಡಿಗಳಲ್ಲಿ ಸಿಗುವ ದುಬಾರಿ ಆಟಿಕೆ. 2014ರಲ್ಲಿ ಶಾಂಘೈನ ಎಸ್ಪ್ರೆಸಿಫ್ ಕಂಪನಿ ಇಎಸ್‌ಪಿ8266 ಅನ್ನುವ ಅಗ್ಗದ ವೈ-ಫೈ ಚಿಪ್ ಹೊರತಂದಿತು. ಇಂಥ ಚಿಪ್ಪುಗಳಿಂದಲೇ ಬಲ್ಬು, ಪ್ಲಗ್ಗು, ಸ್ವಿಚ್ಚುಗಳಿಗೆಲ್ಲ ವೈ-ಫೈ ಬಂತು, ಬೆಲೆಯೂ ಇಳಿಯಿತು.

ಕರೆಂಟ್ ಹೋಗಿ ಬಂದಾಗ

ವಿದೇಶದ ವಿಮರ್ಶೆಗಳಲ್ಲಿ ಅಷ್ಟಾಗಿ ಸಿಗದ, ನಮಗೆ ಮಾತ್ರ ದೊಡ್ಡದಾಗಿ ಕಾಡುವ ಸಮಸ್ಯೆ ಇದು. ರಾತ್ರಿ ಎರಡು ಗಂಟೆಗೆ ಕರೆಂಟ್ ಹೋಗಿ ಬರುತ್ತದೆ. ಫೋನಿನಿಂದ ಆರಿಸಿದ್ದ ಬಲ್ಬುಗಳೆಲ್ಲ ಪೂರ್ತಿ ಬೆಳಕಿನಲ್ಲಿ ಭಗ್ಗನೆ ಹತ್ತಿಕೊಳ್ಳುತ್ತವೆ. ಮಲಗಿದ ಮಗು ಏಳುತ್ತದೆ.

ಇದು ಕೆಟ್ಟ ತಯಾರಿಕೆಯ ಫಲ ಅಲ್ಲ. ಕರೆಂಟ್ ಬಂದದ್ದು ಯಾರೋ ಸ್ವಿಚ್ ಹಾಕಿದ್ದರಿಂದಲೋ, ಲೈನ್ ವಾಪಸ್ ಬಂದದ್ದರಿಂದಲೋ ಬಲ್ಬಿಗೆ ಗೊತ್ತಾಗುವ ದಾರಿಯೇ ಇಲ್ಲ. ಅದರ ಪಾಲಿಗೆ ಎರಡೂ ಒಂದೇ. ಸ್ವಿಚ್ ಹಾಕಿದವರಿಗೆ ಬೆಳಕು ಬರಲೇಬೇಕಲ್ವಾ? ಅದಕ್ಕೇ ಕರೆಂಟ್ ಬಂದ ಕೂಡಲೇ ಹತ್ತು ಅಂತ ಕಾರ್ಖಾನೆಯಲ್ಲೇ ಹೊಂದಿಸಿರುತ್ತಾರೆ. ಹಲವು ಆ್ಯಪ್‌ಗಳಲ್ಲಿ ಇದನ್ನು 'ಹಿಂದೆ ಹೇಗಿತ್ತೋ ಹಾಗೆ' ಅಂತ ಬದಲಿಸಬಹುದು. ಆಗ ರಾತ್ರಿಯ ಕಾಟ ತಪ್ಪುತ್ತದೆ. ಆದರೆ ಇನ್ನೊಂದು ಶುರುವಾಗುತ್ತದೆ. ನೀವು ಫೋನಿನಿಂದ ಆರಿಸಿ ಆಫೀಸಿಗೆ ಹೋಗಿರುತ್ತೀರಿ. ಮನೆಯಲ್ಲಿದ್ದವರು ಗೋಡೆ ಸ್ವಿಚ್ಚನ್ನು ಮೇಲೆ ಕೆಳಗೆ ಮಾಡುತ್ತಾರೆ. ಬಲ್ಬ್ ಹಿಂದಿನ ಸ್ಥಿತಿಯನ್ನು ನೆನಪಿಟ್ಟುಕೊಂಡು ಆರಿಯೇ ಇರುತ್ತದೆ. ಎರಡರಲ್ಲಿ ಯಾವ ಕಿರಿಕಿರಿ ಪರವಾಗಿಲ್ಲ ಅಂತ ನೀವೇ ತೀರ್ಮಾನಿಸಬೇಕು. ಮಲಗುವ ಕೋಣೆಗೆ 'ಹಿಂದಿನಂತೆ', ಮುಂದಿನ ಹಾಲ್‌ಗೆ 'ಕರೆಂಟ್ ಬಂದ ಕೂಡಲೇ ಹತ್ತು' ಅಂತ ಇಟ್ಟುಕೊಳ್ಳುವುದು ಒಂದು ರಾಜಿ.

ಮಳೆಗಾಲದಲ್ಲಿ ಇನ್ನೂ ಒಂದು ಫಜೀತಿ ಇದೆ. ಬೇಗ ಬೇಗ ಮೂರರಿಂದ ಐದು ಸಲ ಆಫ್ ಆನ್ ಮಾಡಿದರೆ ಹಲವು ವೈ-ಫೈ ಬಲ್ಬುಗಳು ತಮ್ಮ ಹಳೆಯ ಸಂಪರ್ಕವನ್ನು ಮರೆತು ಹೊಸದಾಗಿ ಜೋಡಿಸಿಕೊಳ್ಳಲು ಮಿಣುಕತೊಡಗುತ್ತವೆ. ಬಲ್ಬಿಗೆ ಬೇರೆ ರೀಸೆಟ್ ಬಟನ್ ಇಲ್ಲವಾದ್ದರಿಂದ ಮಾಡಿಟ್ಟ ಉಪಾಯ ಅದು. ಮಲೆನಾಡಿನಲ್ಲಿ ಗಾಳಿ ಮಳೆಗೆ ಲೈನ್ ಹೊಯ್ದಾಡುವಾಗ ಒಂದೇ ನಿಮಿಷದಲ್ಲಿ ಕರೆಂಟ್ ನಾಲ್ಕು ಸಲ ಹೋಗಿ ಬರುವುದುಂಟು. ಬಲ್ಬಿಗೆ ಅದು ರೀಸೆಟ್ ಅಂತಲೇ ಕಾಣಬಹುದು. ಯುಪಿಎಸ್ ಲೈನಿನ ಮೇಲಿರುವ ಪಾಯಿಂಟಿಗೆ ಬಲ್ಬ್ ಹಾಕಿದರೆ ಈ ಎರಡೂ ತೊಂದರೆ ಬಹುಪಾಲು ತಪ್ಪುತ್ತವೆ. ವೈ-ಫೈ ರೂಟರ್ ಕೂಡ ಯುಪಿಎಸ್ ಮೇಲೇ ಇರಬೇಕು ಅನ್ನುವುದನ್ನು ಮಾತ್ರ ಮರೆಯಬಾರದು.

ಸ್ವಿಚ್ ಬೋರ್ಡಿನ ಹಿಂದೆ

ಸ್ಮಾರ್ಟ್ ಸ್ವಿಚ್ಚಿನಲ್ಲಿ ಎರಡು ಬಗೆ. ಹಳೆಯ ಬೋರ್ಡನ್ನು ಕಿತ್ತು ಅದರ ಜಾಗಕ್ಕೆ ಕೂರಿಸುವ ಗಾಜಿನ ಟಚ್ ಪ್ಯಾನೆಲ್ ಒಂದು. ಹಳೆಯ ಸ್ವಿಚ್ಚುಗಳನ್ನು ಹಾಗೇ ಬಿಟ್ಟು, ಅವುಗಳ ಹಿಂದೆ ಬೆಂಕಿಪೊಟ್ಟಣದಷ್ಟು ಗಾತ್ರದ ಮಾಡ್ಯೂಲ್ ಸೇರಿಸುವುದು ಇನ್ನೊಂದು. ಟಚ್ ಪ್ಯಾನೆಲ್ ನೋಡಲು ಚೆಂದ, ನಿಜ. ಆದರೆ ಕತ್ತಲಲ್ಲಿ ಕೈಯಾಡಿಸಿದರೆ ಬೇಕಾದ್ದು ಸಿಗುವುದಿಲ್ಲ. ಬೇಡದ್ದು ಹತ್ತುತ್ತದೆ. ಕೆಟ್ಟರೆ ಅದೇ ಕಂಪನಿಯ ಅದೇ ಪ್ಯಾನೆಲ್ ಹುಡುಕಬೇಕು. ನನಗೆ ಹಿಡಿಸುವುದು ಮಾಡ್ಯೂಲ್. ಅದು ಅಲ್ಲಿದೆ ಅಂತ ಬಂದ ನೆಂಟರಿಗೆ ಗೊತ್ತೇ ಆಗುವುದಿಲ್ಲ. ವೈ-ಫೈ ಹೋದರೂ ಸ್ವಿಚ್ ಒತ್ತಿದರೆ ಲೈಟ್ ಹತ್ತುತ್ತದೆ. ಫೋನಿನಿಂದಲೂ ಹತ್ತುತ್ತದೆ.

ಮಾಡ್ಯೂಲ್ ಒಳಗೆ ಒಂದು ರಿಲೇ ಇರುತ್ತದೆ. ಸಣ್ಣ ಸಂಕೇತ ಸಿಕ್ಕಾಗ 'ಟಕ್' ಅಂತ ಸದ್ದು ಮಾಡಿ ಫೇಸ್ ವೈರನ್ನು, ಅಂದರೆ ಕರೆಂಟ್ ತರುವ ವೈರನ್ನು, ಸೇರಿಸುವ ಅಥವಾ ಬಿಡಿಸುವ ಸ್ವಿಚ್ ಅದು. ಗೋಡೆಯ ಸ್ವಿಚ್ ಈಗ ಲೈಟನ್ನು ನೇರವಾಗಿ ಹತ್ತಿಸುವುದಿಲ್ಲ. "ನನ್ನನ್ನು ಯಾರೋ ಒತ್ತಿದರು" ಅಂತ ಮಾಡ್ಯೂಲಿಗೆ ಹೇಳುತ್ತದೆ, ಅಷ್ಟೆ. ಹೀಗಾಗಿ ಸ್ವಿಚ್ ಕೆಳಗಿದ್ದರೆ ಆನ್, ಮೇಲಿದ್ದರೆ ಆಫ್ ಅನ್ನುವ ನಿಯಮ ಹೋಗಿಬಿಡುತ್ತದೆ. ಫೋನಿನಿಂದ ಒಮ್ಮೆ ಆರಿಸಿದರೆ ಸ್ವಿಚ್ ಕೆಳಗಿದ್ದೂ ಲೈಟ್ ಆರಿರುತ್ತದೆ. ಮತ್ತೆ ಹತ್ತಿಸಲು ಮೇಲೆ ಮಾಡಬೇಕು. ಮೆಟ್ಟಿಲ ಬಳಿ, ಮಂಚದ ಪಕ್ಕ ಟೂ-ವೇ ಸ್ವಿಚ್ ಬಳಸಿದವರಿಗೆ ಇದು ಹೊಸದಲ್ಲ. ಉಳಿದವರು ಸ್ವಲ್ಪ ಗೊಣಗುತ್ತಾರೆ, ಆಮೇಲೆ ಒಗ್ಗುತ್ತದೆ.

ಈಗ ನಿಜವಾದ ತೊಡಕು: ನ್ಯೂಟ್ರಲ್ ವೈರ್, ಅಂದರೆ ಕರೆಂಟ್ ವಾಪಸ್ ಹೋಗುವ ವೈರ್. ಮಾಮೂಲಿ ಸ್ವಿಚ್ಚಿಗೆ ನ್ಯೂಟ್ರಲ್ ಬೇಕಿಲ್ಲ. ಫೇಸ್ ವೈರ್ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಬಲ್ಬಿಗೆ ಹೋಗುತ್ತದೆ. ಬಲ್ಬಿನಿಂದ ನ್ಯೂಟ್ರಲ್ ಸ್ವಿಚ್ ಬೋರ್ಡಿಗೆ ಇಳಿಯದೆ ಸೀಲಿಂಗಿನ ಕಡೆಯಿಂದಲೇ ವಾಪಸ್ ಹೋಗುವುದೂ ಉಂಟು. ಆದರೆ ಮಾಡ್ಯೂಲಿನ ರೇಡಿಯೊಗೆ ಸದಾ ಕರೆಂಟ್ ಬೇಕು. ಅಂದರೆ ಫೇಸ್, ನ್ಯೂಟ್ರಲ್ ಎರಡೂ ಬೋರ್ಡಿನಲ್ಲೇ ಸಿಗಬೇಕು. ನಿಮ್ಮ ಬೋರ್ಡಿನಲ್ಲಿ ಇದೆಯೇ ಅಂತ ತಿಳಿಯಲು ಸುಲಭ ಗುರುತು ಒಂದಿದೆ. ಅದೇ ಬೋರ್ಡಿನಲ್ಲಿ ಪ್ಲಗ್ ಪಾಯಿಂಟ್ ಇದ್ದರೆ ನ್ಯೂಟ್ರಲ್ ಇದ್ದೇ ಇರುತ್ತದೆ. ಬರೀ ಸ್ವಿಚ್ಚುಗಳಿರುವ ಬೋರ್ಡಿನಲ್ಲಿ ಇಲ್ಲದಿರಬಹುದು. ಬಾತ್‌ರೂಮಿನ ಹೊರಗಿನ ಒಂಟಿ ಸ್ವಿಚ್, ಮೆಟ್ಟಿಲ ಸ್ವಿಚ್ ಇಂಥವೇ.

ನ್ಯೂಟ್ರಲ್ ಬೇಡದ ಸ್ಮಾರ್ಟ್ ಸ್ವಿಚ್ಚುಗಳೂ ಇವೆ. ಅವು ಬಲ್ಬಿನ ಮೂಲಕವೇ ಒಂಚೂರು ಕರೆಂಟ್ ಹರಿಸಿಕೊಂಡು ಬದುಕುತ್ತವೆ. ಹಳೆಯ ನೂರು ವಾಟಿನ ಗುಂಡು ಬಲ್ಬಿದ್ದಾಗ ಅಷ್ಟು ಕರೆಂಟ್ ಲೆಕ್ಕಕ್ಕೇ ಇರಲಿಲ್ಲ. ಈಗಿನ ಎಲ್‌ಇಡಿಗೆ ಆ ಒಂಚೂರೇ ಸಾಕು. ಆರಿಸಿದ ಮೇಲೂ ಮಸುಕಾಗಿ ಉರಿಯುತ್ತದೆ, ಇಲ್ಲವೇ ಆಗಾಗ ಮಿಣುಕುತ್ತದೆ. ದೆವ್ವ ಏನೂ ಅಲ್ಲ. ಬಲ್ಬಿಗೆ ಅಡ್ಡವಾಗಿ ಒಂದು ಸಣ್ಣ ಕೆಪಾಸಿಟರ್ ಹಾಕಿದರೆ ಆ ಕರೆಂಟ್ ಅದರ ಮೂಲಕ ಹೋಗುತ್ತದೆ. ಎಷ್ಟೋ ಕಂಪನಿಗಳು ಸ್ವಿಚ್ಚಿನ ಜೊತೆಗೇ ಅದನ್ನು ಕೊಡುತ್ತವೆ.

ಇಲ್ಲಿ ಕೆಲವರು ಒಂದು ಅಪಾಯದ ಕೆಲಸ ಮಾಡುತ್ತಾರೆ. ಈ ಬೋರ್ಡಿನಲ್ಲಿ ನ್ಯೂಟ್ರಲ್ ಇಲ್ಲ ಅಂತ ಪಕ್ಕದ ಕೋಣೆಯ ಬೇರೆ ಸರ್ಕ್ಯೂಟಿನಿಂದ ಎಳೆದು ತರುತ್ತಾರೆ. ಕರೆಂಟ್ ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿ ಇರುವ ಮನೆಯಾದರೆ ಅದು ಟ್ರಿಪ್ ಆಗಬಹುದು. ಹೋದ ಕರೆಂಟೆಲ್ಲ ಅದೇ ದಾರಿಯಲ್ಲಿ ವಾಪಸ್ ಬಂತೇ ಅಂತ ನೋಡುವುದೇ ಆರ್‌ಸಿಸಿಬಿಯ ಕೆಲಸ. ಬೇರೆ ದಾರಿಯಲ್ಲಿ ಬಂದರೆ ಎಲ್ಲೋ ಸೋರಿಕೆ ಆಗಿದೆ ಅಂತ ಅದು ತಿಳಿಯುತ್ತದೆ. ಯುಪಿಎಸ್ ಲೈನೂ ಮೇನ್ ಲೈನೂ ಒಂದೇ ಬೋರ್ಡಿಗೆ ಬಂದಿರುವ ಕಡೆ ಇನ್ನೂ ಜಾಗ್ರತೆ ಬೇಕು. ಅಲ್ಲಿ ಎಂಸಿಬಿ, ಅಂದರೆ ಲೈನ್ ಕಡಿಯುವ ಸ್ವಿಚ್, ಇಳಿಸಿದ ಮೇಲೂ ಯುಪಿಎಸ್ ವೈರಿನಲ್ಲಿ ಕರೆಂಟ್ ಇರುತ್ತದೆ. ಬೋರ್ಡ್ ಬಿಚ್ಚುವ ಕೆಲಸವನ್ನು ವಿಡಿಯೊ ನೋಡಿ ಮಾಡಬೇಡಿ. ಗೊತ್ತಿರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ.

ಹಿಂದೆ ಜಾಗ ಸಾಲುತ್ತದೆಯೇ ಅನ್ನುವುದೂ ಪ್ರಶ್ನೆಯೇ. ಗೋಡೆಯ ಮೇಲೆ ಎದ್ದು ಕಾಣುವ ಹಳೆಯ ಮರದ ಬೋರ್ಡ್ ಇದ್ದರೆ ಒಳಗೆ ಬೇಕಾದಷ್ಟು ಜಾಗವಿರುತ್ತದೆ. ಗೋಡೆಯೊಳಗೆ ಹೂತ ಮೆಟಲ್ ಬಾಕ್ಸಿನಲ್ಲಿ ವೈರುಗಳ ಗೊಂಚಲೇ ತುಂಬಿರುತ್ತದೆ. ಅದಕ್ಕೆ ಮಾಡ್ಯೂಲನ್ನು ಒತ್ತಿ ತುರುಕಬಾರದು. ಬಿಸಿಯೂ ಹೋಗಬೇಕು, ಸಿಗ್ನಲ್ಲೂ ಬರಬೇಕು.

ಗೀಸರ್ ವಿಷಯ ಒಂದು ಲೆಕ್ಕದಲ್ಲಿ ಮುಗಿಯುತ್ತದೆ. 2000 ವಾಟಿನ ಗೀಸರ್ ಸುಮಾರು 8.7 ಆಂಪಿಯರ್ ಎಳೆಯುತ್ತದೆ, 3000 ವಾಟಿನದ್ದು 13. ಲೈಟಿಗೆಂದು ಮಾಡಿದ 10 ಆಂಪಿಯರ್ ಮಾಡ್ಯೂಲಿಗೆ ಗೀಸರ್ ಹಾಕಬೇಡಿ. 16 ಆಂಪಿಯರಿನದ್ದೇ ತನ್ನಿ.

ಫ್ಯಾನು ಸ್ವಲ್ಪ ಸೂಕ್ಷ್ಮ. ಲೈಟನ್ನು ಮಂದ ಮಾಡುವ ಡಿಮ್ಮರಿಗೆ ಸೀಲಿಂಗ್ ಫ್ಯಾನ್ ಸೇರಿಸಿದರೆ ಗುಂಯ್ ಅಂತ ಸದ್ದು ಬರುತ್ತದೆ. ಡಿಮ್ಮರ್ ಕರೆಂಟಿನ ಅಲೆಯನ್ನು ಕತ್ತರಿಸಿ ಕತ್ತರಿಸಿ ಕೊಡುವುದೇ ಅದಕ್ಕೆ ಕಾರಣ. ಫ್ಯಾನಿಗೆಂದೇ ಮಾಡಿದ, ಕೆಪಾಸಿಟರ್‌ಗಳಿಂದ ನಾಲ್ಕೈದು ಹಂತದ ವೇಗ ಕೊಡುವ ಮಾಡ್ಯೂಲ್ ಬೇಕು. ಇನ್ನು ಕಡಿಮೆ ಕರೆಂಟಿನಲ್ಲಿ ಓಡುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನಿಗೆ ರೆಗ್ಯುಲೇಟರ್ ಬೇಡವೇ ಬೇಡ. ವೇಗ ಬದಲಿಸುವ ಸರ್ಕ್ಯೂಟ್ ಅದರೊಳಗೇ ಇದೆ. ರೆಗ್ಯುಲೇಟರ್ ತೆಗೆದು ನೇರ ಲೈನ್ ಕೊಡಬೇಕು.

ಇದೇ ತರ್ಕದಿಂದ, ಸ್ಮಾರ್ಟ್ ಬಲ್ಬನ್ನು ಡಿಮ್ಮರ್ ಇರುವ ಪಾಯಿಂಟಿಗೂ ಹಾಕಬಾರದು. ಸ್ಮಾರ್ಟ್ ಸ್ವಿಚ್ಚಿಗೆ ಸ್ಮಾರ್ಟ್ ಬಲ್ಬ್ ಹಾಕಿದರೆ ಎರಡು ಯಜಮಾನರ ಮನೆ. ಸ್ವಿಚ್ ಆರಿಸಿದರೆ ಬಲ್ಬ್ ಮತ್ತೆ ಆಫ್‌ಲೈನ್.

ಮಾತು ಯಾವ ದಾರಿಯಲ್ಲಿ ಹೋಗುತ್ತದೆ

ಮನೆಯ ಲೈಟಿಗೆ ದೂರದಿಂದ ಆಜ್ಞೆ ಕೊಡುವ ಆಸೆ ಹಳೆಯದು. 1975ರಲ್ಲೇ ಸ್ಕಾಟ್ಲೆಂಡಿನ ಪೀಕೋ ಎಲೆಕ್ಟ್ರಾನಿಕ್ಸ್ ಎಕ್ಸ್10 ಅನ್ನುವ ವ್ಯವಸ್ಥೆ ರೂಪಿಸಿತ್ತು. ಅದು ಮನೆಯ ಕರೆಂಟ್ ವೈರಿನಲ್ಲೇ ಸಂಕೇತ ಕಳಿಸುತ್ತಿತ್ತು. ಈಗ ಹೆಚ್ಚಿನದೆಲ್ಲ ರೇಡಿಯೊ.

ವೈ-ಫೈ ಬಲ್ಬಿಗೆ ಬೇರೆ ಪೆಟ್ಟಿಗೆ ಬೇಡ, ರೂಟರ್ ಇದ್ದರೆ ಸಾಕು. ಬಹುಪಾಲು ಬಲ್ಬುಗಳಿಗೆ 2.4 ಗಿಗಾಹರ್ಟ್ಸ್ ವೈ-ಫೈ ಮಾತ್ರ ಗೊತ್ತು. ರೂಟರ್‌ಗಳು 2.4 ಮತ್ತು 5 ಎರಡಕ್ಕೂ ಒಂದೇ ಹೆಸರಿಟ್ಟಿರುತ್ತವೆ. ಫೋನ್ 5ರಲ್ಲಿ ಕೂತಿರುತ್ತದೆ, ಬಲ್ಬ್ 2.4ರಲ್ಲಿ ಹುಡುಕುತ್ತಿರುತ್ತದೆ, ಜೋಡಣೆ ಆಗುವುದೇ ಇಲ್ಲ. ಅರ್ಧ ದಿನ ತಲೆ ಚಚ್ಚಿಕೊಳ್ಳುವ ಮುಂಚೆ ರೂಟರಿನ ಸೆಟ್ಟಿಂಗ್‌ನಲ್ಲಿ 5 ಅನ್ನು ಸ್ವಲ್ಪ ಹೊತ್ತು ಆರಿಸಿ ನೋಡಿ.

ಹತ್ತಿಪ್ಪತ್ತು ಸಾಧನಗಳು ದಾಟಿದರೆ ಮನೆಗೆ ಕೊಟ್ಟ ಸಾಧಾರಣ ರೂಟರ್ ಏದುಸಿರು ಬಿಡುತ್ತದೆ. ಆಗ ಇಂಥ ಸಾಧನಗಳಿಗೆಂದೇ ಮಾಡಿದ ಜಿಗ್‌ಬೀ ಅಥವಾ ಥ್ರೆಡ್ ಅನ್ನುವ ರೇಡಿಯೊ ಪದ್ಧತಿಗಳು ಮೇಲು. ಇವುಗಳಿಗೆ ಬೇರೆ ಹಬ್ ಬೇಕು, ಅಂದರೆ ಸಾಧನಗಳನ್ನೆಲ್ಲ ಮನೆಯ ನೆಟ್‌ವರ್ಕಿಗೆ ಸೇರಿಸುವ ಪೆಟ್ಟಿಗೆ. ಆದರೆ ಕರೆಂಟಿನಲ್ಲಿ ನಡೆಯುವ ಪ್ರತಿ ಸಾಧನವೂ ಸಾಮಾನ್ಯವಾಗಿ ಪಕ್ಕದ್ದಕ್ಕೆ ಮಾತು ದಾಟಿಸುತ್ತದೆ, ಜಾತ್ರೆಯ ನೂಕುನುಗ್ಗಲಿನಲ್ಲಿ ಪ್ರಸಾದ ಕೈಯಿಂದ ಕೈಗೆ ದಾಟಿದ ಹಾಗೆ. ಆರ್‌ಸಿಸಿ ಗೋಡೆ, ಎರಡನೇ ಮಹಡಿ ಇದ್ದರೂ ಸಂದೇಶ ತಲುಪುತ್ತದೆ. ಬ್ಯಾಟರಿಯ ಸೆನ್ಸರ್‌ಗಳು ಮಾತ್ರ ದಾಟಿಸುವುದಿಲ್ಲ, ಅವು ಬ್ಯಾಟರಿ ಉಳಿಸಲು ನಿದ್ದೆಯಲ್ಲೇ ಇರುತ್ತವೆ. ಇಲ್ಲೂ ಗೋಡೆ ಸ್ವಿಚ್ಚಿನದ್ದೇ ಕಾಟ. ನಡುವಿನ ಬಲ್ಬನ್ನು ಯಾರಾದರೂ ಆರಿಸಿದರೆ ಆ ಸರಪಳಿಯ ಕೊಂಡಿ ಕಳಚುತ್ತದೆ, ಆಚೆ ಕೋಣೆಯ ಸೆನ್ಸರ್ ಕೂಡ ಮೂಕವಾಗಬಹುದು. ಸ್ವಿಚ್ ಹಿಂದಿನ ಮಾಡ್ಯೂಲಿಗೆ ಆ ಭಯ ಇಲ್ಲ.

ಅಗ್ಗದ ವೈ-ಫೈ ಬಲ್ಬಿನಲ್ಲಿ ಇನ್ನೊಂದು ಗುಟ್ಟಿದೆ. ನೀವು ಸೋಫಾದಲ್ಲಿ ಕೂತು ಎದುರಿನ ಲೈಟ್ ಹತ್ತಿಸಿದಾಗ ಆ ಆಜ್ಞೆ ಎಷ್ಟೋ ಸಲ ಮನೆಯಿಂದ ಹೊರಗೆ ಹೋಗಿ, ಎಲ್ಲೋ ಇರುವ ಕಂಪನಿಯ ಸರ್ವರ್ ಮುಟ್ಟಿ, ವಾಪಸ್ ಬಂದು ಬಲ್ಬಿಗೆ ತಲುಪುತ್ತದೆ. ಇಂಟರ್‌ನೆಟ್ ಹೋದರೆ ಕಥೆ ಮುಗಿಯಿತು. ಕಂಪನಿಯೇ ಹೋದರೆ? ಅದೂ ಆಗಿದೆ. 2022ರ ಏಪ್ರಿಲ್‌ನಲ್ಲಿ ಅಮೆರಿಕದ ಇನ್‌ಸ್ಟಿಯಾನ್ ಕಂಪನಿಯ ಸರ್ವರ್‌ಗಳು ಮುನ್ಸೂಚನೆಯೇ ಇಲ್ಲದೆ ನಿಂತವು. ವರ್ಷಗಳಿಂದ ಮನೆ ತುಂಬಾ ಅದರ ಸಾಧನ ಹಾಕಿಕೊಂಡಿದ್ದವರ ಆ್ಯಪ್ ಕೆಲಸ ಮಾಡಲಿಲ್ಲ. ಗೋಡೆಯ ಸ್ವಿಚ್ಚುಗಳು ಮಾತ್ರ ಕೈಯಲ್ಲಿ ಒತ್ತಿದರೆ ಹತ್ತುತ್ತಿದ್ದವು. ಮುಂದೆ ಬಳಕೆದಾರರ ಒಂದು ಗುಂಪೇ ಅದನ್ನು ಕೊಂಡು ಮತ್ತೆ ನಡೆಸತೊಡಗಿತು. ಅದಕ್ಕೂ ಮುಂಚೆ, 2016ರಲ್ಲಿ, ಗೂಗಲ್ ಬಳಗದ ನೆಸ್ಟ್ ತಾನು ಕೊಂಡಿದ್ದ ರಿವಾಲ್ವ್ ಹಬ್‌ನ ಸೇವೆ ನಿಲ್ಲಿಸಿತ್ತು. ಸುಮಾರು 300 ಡಾಲರಿನ ಪೆಟ್ಟಿಗೆಗಳು ಅಲಂಕಾರದ ಸಾಮಾನಾದವು.

ಈ ತಲೆನೋವಿಗೆ ಉತ್ತರವಾಗಿ ಬಂದದ್ದು ಮ್ಯಾಟರ್. ಆ್ಯಪಲ್, ಗೂಗಲ್, ಅಮೆಜಾನ್ ಮತ್ತಿತರರು ಸೇರಿ ಒಪ್ಪಿದ ಈ ನಿಯಮಗಳ ಮೊದಲ ಆವೃತ್ತಿ 2022ರ ಅಕ್ಟೋಬರ್‌ನಲ್ಲಿ ಹೊರಬಂತು. ಮ್ಯಾಟರ್ ಗುರುತಿನ ಬಲ್ಬ್ ಯಾವುದೇ ಕಂಪನಿಯದ್ದಾಗಲಿ, ಆಜ್ಞೆಯನ್ನು ಮನೆಯೊಳಗಿನ ನೆಟ್‌ವರ್ಕಿನಲ್ಲೇ ಪಡೆಯಬಲ್ಲದು. ಗಂಡನ ಐಫೋನ್, ಹೆಂಡತಿಯ ಆಂಡ್ರಾಯ್ಡ್, ಎರಡರಿಂದಲೂ ಒಂದೇ ಲೈಟನ್ನು ನಡೆಸಬಹುದು. ಜೋಡಿಸಲು ಬಲ್ಬಿನ ಮೇಲೆ ಕ್ಯೂಆರ್ ಕೋಡ್ ಇರುತ್ತದೆ. ಬಲ್ಬನ್ನು ಸೀಲಿಂಗಿಗೆ ಹಾಕುವ ಮುಂಚೆ ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಆಮೇಲೆ ಸ್ಟೂಲ್ ಹತ್ತುವುದು ತಪ್ಪುತ್ತದೆ. ಎಲ್ಲವೂ ನನ್ನ ಹಿಡಿತದಲ್ಲೇ ಇರಬೇಕು ಅನ್ನುವವರಿಗೆ ಹೋಮ್ ಅಸಿಸ್ಟೆಂಟ್ ಅನ್ನುವ ಮುಕ್ತ ತಂತ್ರಾಂಶ ಇದೆ. ಪುಟ್ಟ ರಾಸ್ಪ್‌ಬೆರಿ ಪೈ ಕಂಪ್ಯೂಟರಿನಲ್ಲೂ ನಡೆಯುತ್ತದೆ. ಆದರೆ ಅದು ಹವ್ಯಾಸಿಗಳ ದಾರಿ. ಭಾನುವಾರಗಳನ್ನು ತಿನ್ನುತ್ತದೆ.

ಸುರಕ್ಷತೆಯ ಬಗ್ಗೆ ಒಂದು ಮಾತು. 2016ರಲ್ಲಿ ಮಿರಾಯ್ ಅನ್ನುವ ಕುತಂತ್ರಾಂಶ ಕ್ಯಾಮೆರಾ, ರೂಟರ್‌ಗಳನ್ನು ದೊಡ್ಡ ಸಂಖ್ಯೆಯಲ್ಲಿ ವಶ ಮಾಡಿಕೊಂಡಿತ್ತು. ಕಾರ್ಖಾನೆಯ ಪಾಸ್‌ವರ್ಡನ್ನು ಯಾರೂ ಬದಲಿಸಿರಲಿಲ್ಲ, ಅಷ್ಟೇ ಅದಕ್ಕೆ ಬೇಕಾಗಿದ್ದು. ರೂಟರಿನ ಪಾಸ್‌ವರ್ಡ್ ಬದಲಿಸಿ, ಅಪ್‌ಡೇಟ್ ಬಂದಾಗ ಹಾಕಿ.

ಕರೆಂಟ್ ಬಿಲ್ಲು ಇಳಿಯುತ್ತದೆಯೇ?

ಬಲ್ಬಿನಿಂದ ಅಲ್ಲ. 9 ವಾಟಿನ ಎಲ್‌ಇಡಿ ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ ಒಂದೂಕಾಲು ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ. ಅದರಲ್ಲಿ ಅರ್ಧ ಉಳಿಸಿದರೂ ಏನು ಬಂತು? ಮೇಲಾಗಿ ರೇಡಿಯೊ ಎಚ್ಚರವಾಗಿರಲು ಅರ್ಧ ವಾಟ್ ಬೇಕು ಅಂದುಕೊಂಡರೆ ಒಂದು ಬಲ್ಬ್ ಸುಮ್ಮನೆ ಕೂತೇ ವರ್ಷಕ್ಕೆ 4.4 ಯೂನಿಟ್ ತಿನ್ನುತ್ತದೆ. ಇಪ್ಪತ್ತು ಬಲ್ಬಿಗೆ 88. ಗೃಹಜ್ಯೋತಿಯ ಲೆಕ್ಕದಲ್ಲಿ ಯೂನಿಟ್ ಎಣಿಸುವವರು ಇದನ್ನೂ ಎಣಿಸಬೇಕು. ನಿಜವಾಗಿ ಉಳಿಸಬೇಕಿದ್ದರೆ ಫ್ಯಾನ್ ಬದಲಿಸಿ. 75 ವಾಟಿನ ಹಳೆಯ ಫ್ಯಾನ್ ತೆಗೆದು 30 ವಾಟಿನ ಬಿಎಲ್‌ಡಿಸಿ ಹಾಕಿ ದಿನಕ್ಕೆ 15 ಗಂಟೆ ಓಡಿಸಿದರೆ ತಿಂಗಳಿಗೆ 20 ಯೂನಿಟ್ ಉಳಿಯುತ್ತದೆ.

ಸ್ಮಾರ್ಟ್ ಲೈಟ್ ಕೊಡುವುದು ಅನುಕೂಲ. ಗೇಟಿನ ಲೈಟನ್ನೇ ನೋಡಿ. ಟೈಮರಿನಲ್ಲಿ ಸಂಜೆ ಆರೂವರೆ ಅಂತ ಇಟ್ಟರೆ ನವೆಂಬರ್‌ನಲ್ಲಿ ತಡವಾಯಿತು, ಜುಲೈನಲ್ಲಿ ಬೇಗವಾಯಿತು. ಬೆಂಗಳೂರಿನಲ್ಲಿ ಸೂರ್ಯ ಮುಳುಗುವ ಹೊತ್ತು ವರ್ಷದಲ್ಲಿ ಸುಮಾರು 5.50ರಿಂದ 6.50ರವರೆಗೆ ಸರಿದಾಡುತ್ತದೆ. ಮಂಗಳೂರಿನಲ್ಲಿ ಅದಕ್ಕಿಂತ ಹತ್ತು ನಿಮಿಷ ತಡ. ಆ್ಯಪ್‌ನಲ್ಲಿ 'ಸೂರ್ಯಾಸ್ತಕ್ಕೆ ಹತ್ತಬೇಕು, ಸೂರ್ಯೋದಯಕ್ಕೆ ಆರಬೇಕು' ಅಂತ ಒಮ್ಮೆ ಹೇಳಿದರೆ ಆಯಿತು. ಎಲ್ಲರೂ ಊರಿಗೆ ಹೋದಾಗಲೂ ಮನೆ ಕತ್ತಲಾಗಿರುವುದಿಲ್ಲ. ರಾತ್ರಿ ಬಾತ್‌ರೂಮಿಗೆ ಹೋಗುವ ದಾರಿಯಲ್ಲಿ ಚಲನೆ ಗುರುತಿಸುವ ಸೆನ್ಸರ್ ಇಟ್ಟು, ಕಾಲಿಟ್ಟಾಗ ಹತ್ತರಲ್ಲೊಂದು ಪಾಲು ಬೆಳಕು ಬರುವಂತೆ ಮಾಡಬಹುದು. ವಯಸ್ಸಾದವರು ಇರುವ ಮನೆಯಲ್ಲಿ ಇದಕ್ಕಿಂತ ಉಪಯೋಗದ್ದು ಬೇರೆ ಇಲ್ಲ. ಮಾತಾಡಿ ಲೈಟ್ ಹತ್ತಿಸುವ ಸ್ಪೀಕರ್‌ಗಿಂತ ನನಗೆ ಇದೇ ಮೇಲು. ಆ ಸ್ಪೀಕರ್‌ಗಳ ಜೊತೆ ಹೆಚ್ಚಾಗಿ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಹೆಣಗಬೇಕು. ಸೆನ್ಸರ್ ಜೊತೆ ಯಾವ ಭಾಷೆಯೂ ಬೇಡ.

ಶುರು ಮಾಡುವವರು ಗೇಟಿನ ಲೈಟಿಗೆ ಒಂದು ಮಾಡ್ಯೂಲ್, ಮಲಗುವ ಕೋಣೆಗೆ ಬಣ್ಣ ಬದಲಿಸುವ ಒಂದು ಬಲ್ಬ್, ಇಷ್ಟರಿಂದಲೇ ಶುರು ಮಾಡಿ. ಬಲ್ಬ್ ಹಾಕಿದ ಸ್ವಿಚ್ಚಿನ ಪಕ್ಕದಲ್ಲೇ ಬ್ಯಾಟರಿಯ ಪುಟ್ಟ ವೈರ್‌ಲೆಸ್ ಬಟನ್ ಅಂಟಿಸಿ, ಆಗ ಅಮ್ಮನಿಗೂ ಒತ್ತಲು ಒಂದು ಜಾಗ ಸಿಗುತ್ತದೆ. ಹೊಸ ಮನೆ ಕಟ್ಟಿಸುತ್ತಿರುವವರಿಗೆ ಇಷ್ಟೂ ತಾಪತ್ರಯ ಬೇಕಿಲ್ಲ. ಗೋಡೆಗೆ ಗಾರೆ ಬೀಳುವ ಮುಂಚೆ ಎಲೆಕ್ಟ್ರಿಷಿಯನ್‌ಗೆ ಎರಡು ಮಾತು ಹೇಳಿ: ಪ್ರತಿ ಸ್ವಿಚ್ ಬೋರ್ಡಿಗೂ ಅದೇ ಸರ್ಕ್ಯೂಟಿನ ನ್ಯೂಟ್ರಲ್ ಇಳಿಸಿ, ಮೆಟಲ್ ಬಾಕ್ಸ್ ಆಳದ್ದೇ ಹಾಕಿ. ಆಗ ಆಗುವ ಖರ್ಚು ಸ್ವಲ್ಪ ವೈರಿನದ್ದು. ಗಾರೆ ಆದ ಮೇಲೆ ಅದೇ ಕೆಲಸಕ್ಕೆ ಗೋಡೆ ಕೊರೆಯಬೇಕಾಗುತ್ತದೆ.